ಸತ್ಯಭಾಮಾಬಾಯಿಯ ಹಸಿರು ದೀಪ

ಪೂರ್ವಿಯ ಫೋನು ಬಂದಾಗ ಶ್ರೇಯಾ ನಾಗಪುರದ ಹಿಂಗಣಾ ರಸ್ತೆಯ ಗಾಡಿಯೊಂದರ ಮುಂದೆ ನಿಂತು ತರ್ರಿ ಎಂಬ ಖಾರದ ಸಾರು ಹಾಕಿಸಿಕೊಂಡ ಪೋಹೆ, ಅಂದರೆ ಅವಲಕ್ಕಿ, ತಿನ್ನುತ್ತಿದ್ದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂದಿತ್ತು.

"ನಿನ್ನ ಡಬ್ಬಿಯ ದೀಪ ಕೆಟ್ಟಿದೆ ಕಣೇ," ಎಂದಳು ಪೂರ್ವಿ ಮರಾಠಿಯಲ್ಲಿ. "ಹತ್ತುತ್ತದೆ, ಆದರೆ ತಡವಾಗಿ. ಒಬ್ಬೊಬ್ಬರಿಗೆ ಒಂದೊಂದು ಥರ. ಒಬ್ಬ ಅಜ್ಜಿಗಂತೂ ಕಾದು ಕಾದು ಸಾಕಾಗುವ ಹೊತ್ತಿಗೆ ಮಿನುಗುತ್ತದೆ."

ಪೂರ್ವಿ ವರ್ಧಾ ರಸ್ತೆಯ ಒಂದು ಚಿಕಿತ್ಸಾ ಕೇಂದ್ರದಲ್ಲಿ ಫಿಸಿಯೋಥೆರಪಿಸ್ಟ್. ಪಾರ್ಶ್ವವಾಯು ಹೊಡೆದವರ ಕೈಕಾಲಿಗೆ ಅಲ್ಲಿ ವ್ಯಾಯಾಮ ಮಾಡಿಸುತ್ತಾರೆ. ಶ್ರೇಯಾ ಕೆಲಸ ಮಾಡುವುದು ಯಂತ್ರಗಳಿಗೆ ಕಂಟ್ರೋಲರ್ ತಯಾರಿಸುವ ಸಣ್ಣ ಕಂಪನಿಯಲ್ಲಿ. ಕಂಟ್ರೋಲರ್ ಅಂದರೆ ಅಂಗೈಗಿಂತ ತುಸು ದೊಡ್ಡದಾದ ಒಂದು ಡಬ್ಬಿ, ಯಂತ್ರದ ಮಿದುಳು. ನಮ್ಮ ಕಂಪ್ಯೂಟರಿನ ಹಾಗೆ ಅದು ತಡವರಿಸುವಂತಿಲ್ಲ. ಹೇಳಿದ ಕೆಲಸ ಹೇಳಿದ ಗಳಿಗೆಗೆ ಆಗಲೇಬೇಕು. ಔಷಧಿ ಬಾಟಲಿ ತುಂಬುವ, ಬಟ್ಟೆ ನೇಯುವ ಯಂತ್ರಗಳಿಗೆ ಹೋಗುತ್ತಿದ್ದ ಇಂಥದೊಂದು ಡಬ್ಬಿಯನ್ನು ಕೈ ವ್ಯಾಯಾಮಕ್ಕೆ ಹೊಂದಿಸಿಕೊಡಿ ಎಂದು ಆ ಕೇಂದ್ರದವರು ಕೇಳಿದಾಗ ಕೆಲಸ ಶ್ರೇಯಾಳ ಪಾಲಿಗೆ ಬಂದಿತ್ತು.

ಉಪಕರಣ ಸರಳವಾಗಿತ್ತು. ಒಂದು ರಬ್ಬರಿನ ಗುಂಡು. ರೋಗಿ ಅದನ್ನು ಹಿಂಡಬೇಕು. ಹಿಂಡಿದ ಬಲ ಸಾಕಷ್ಟಿದ್ದರೆ ಡಬ್ಬಿಯ ಮೇಲಿನ ದೀಪ ಹಸಿರಾಗಬೇಕು. ಡಬ್ಬಿಯ ಮುಖದ ಮೇಲೆ ಸಾಲಾಗಿ ಪುಟ್ಟ ದೀಪಗಳಿದ್ದವು. ಕರೆಂಟು ಬಂದಿದೆಯೇ, ಒಳಗೆಲ್ಲ ಕ್ಷೇಮವೇ ಎಂದು ಡಬ್ಬಿ ತಾನೇ ಹೇಳಿಕೊಳ್ಳುವುದಕ್ಕೆ ಕೆಲವು. ಒಂದನ್ನು ಮಾತ್ರ ಪ್ರೋಗ್ರಾಂ ಬರೆಯುವವರಿಗೆ ಬಿಟ್ಟಿದ್ದರು. ಅದು ಯಾವಾಗ, ಯಾವ ಬಣ್ಣದಲ್ಲಿ ಹತ್ತಬೇಕೆಂಬುದು ಬರೆದವರ ಇಷ್ಟ. ಶ್ರೇಯಾ ಅದಕ್ಕೊಂದು ಹಾಲು ಬಣ್ಣದ ಪ್ಲಾಸ್ಟಿಕ್ ಟೋಪಿ ಹಾಕಿದ್ದಳು. ಆಗ ಸಾಸಿವೆಯಷ್ಟಿದ್ದ ಬೆಳಕು ಅರ್ಧ ನಿಂಬೆಹಣ್ಣಿನಷ್ಟಾಗಿ ಕಾಣುತ್ತಿತ್ತು. ಮುದುಕರ ಕಣ್ಣಿಗೆ ಅಷ್ಟಾದರೂ ಬೇಕಲ್ಲ.

ಪೋಹೆ ಮುಗಿಸಿ ಆಫೀಸಿಗೆ ಹೇಳಿ ಸ್ಕೂಟಿ ಹತ್ತಿದಳು.

ಕೇಂದ್ರದಲ್ಲಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸತ್ಯಭಾಮಾಬಾಯಿ ಕೂತಿದ್ದರು. ನೂಲಿನ ಸೀರೆ, ಒಪ್ಪವಾಗಿ ಬಾಚಿದ ಬಿಳಿ ಕೂದಲು, ನೆಟ್ಟಗಿನ ಕತ್ತು. ಬಲಗೈ ಮಾತ್ರ ಎದೆಗವಚಿ ಮಡಚಿಕೊಂಡಿತ್ತು, ಮುಷ್ಟಿ ಬಿಗಿದಿತ್ತು. ಹಿಂದೆ ನಿಂತಿದ್ದವಳು ಸೊಸೆ ಚಾರುಲತಾ. ಕೊರಳಲ್ಲಿ ಬ್ಯಾಂಕಿನ ಗುರುತಿನ ಚೀಟಿ ಹಾಗೇ ತೂಗಾಡುತ್ತಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಮನೀಶ್ ನಗರದ ಮನೆಗೆ ಹೋಗಿ ಅತ್ತೆಯನ್ನು ಕರೆತಂದು, ವ್ಯಾಯಾಮ ಮುಗಿದ ಮೇಲೆ ಮನೆಗೆ ಬಿಟ್ಟು ಮತ್ತೆ ಬ್ಯಾಂಕಿಗೆ ಓಡುವುದು ಅವಳ ದಿನಚರಿ. ಗಂಡ ಅಮೇಯನಿಗೆ ಮೌದಾದ ವಿದ್ಯುತ್ ಕೇಂದ್ರದಲ್ಲಿ ಪಾಳಿಯ ಕೆಲಸ. ರಜೆಯ ದಿನ ಬಿಟ್ಟರೆ ಅವನು ಕೈಗೆ ಸಿಗುವವನಲ್ಲ.

ಪೂರ್ವಿ ಶ್ರೇಯಾಳನ್ನು ಬದಿಗೆ ಕರೆದು ಹೇಳಿದಳು. "ಇವರು ಮರಾಠಿ ಶಾಲೆಯಲ್ಲಿ ಗಣಿತದ ಟೀಚರ್ ಆಗಿದ್ದವರು. ಊರು ಧಾರವಾಡ. ದೀಪಾವಳಿ ಕಳೆದ ಮೇಲೆ ಸ್ಟ್ರೋಕ್ ಆಯಿತು. ಬಲಗೈ ಹೋಯಿತು, ಜೊತೆಗೆ ಮರಾಠಿಯೂ ಹೋಯಿತು, ಹಿಂದಿಯೂ ಹೋಯಿತು. ಈಗ ನಾಲ್ಕು ಮಾತು ಆಡಿದರೆ ಅದು ಕನ್ನಡದಲ್ಲಿ ಮಾತ್ರ. ಹೀಗೂ ಆಗುವುದುಂಟು ಅಂತಾರೆ ನಮ್ಮ ಡಾಕ್ಟರು. ಸೊಸೆ ಮರಾಠಿಯವಳು. ಇಷ್ಟು ವರ್ಷ ಇಬ್ಬರೂ ಮರಾಠಿಯಲ್ಲೇ ಮಾತಾಡಿಕೊಂಡಿದ್ದರು. ಈಗ ಇಬ್ಬರ ನಡುವೆ ಭಾಷೆಯೇ ಇಲ್ಲ."

ಶ್ರೇಯಾಳಿಗೆ ಕನ್ನಡ ಬರುತ್ತಿತ್ತು, ಬರುವಷ್ಟು. ಅಪ್ಪ ವಾಯುಸೇನೆಯಲ್ಲಿದ್ದು ನಾಗಪುರದಲ್ಲೇ ನಿವೃತ್ತರಾದವರು. ಅಮ್ಮ ಮೈಸೂರಿನವರು. ಅಡುಗೆಮನೆಯಿಂದ ಅಮ್ಮ ಕನ್ನಡದಲ್ಲಿ ಕೇಳುತ್ತಿದ್ದರು, ಇವಳು ನಡುಮನೆಯಿಂದ ಅರ್ಧ ಹಿಂದಿಯಲ್ಲಿ ಉತ್ತರಿಸುತ್ತಿದ್ದಳು. ಕನ್ನಡ ಅಕ್ಷರ ಕೂಡಿಸಿ ಓದುವುದಂತೂ ದೂರದ ಮಾತು. ಆದರೂ ಹತ್ತಿರ ಹೋಗಿ ಬಗ್ಗಿ ನಿಂತು, "ನಮಸ್ಕಾರ ಆಂಟಿ. ನಾನು ಶ್ರೇಯಾ. ಈ ಡಬ್ಬಿ ರಿಪೇರಿಗೆ ಬಂದಿದೀನಿ," ಎಂದಳು.

ಸತ್ಯಭಾಮಾಬಾಯಿ ತಲೆಯೆತ್ತಿ ಅವಳ ಬಾಯನ್ನೇ ನೋಡಿದರು. ಅಲ್ಲಿಂದ ಹೊರಟ ಮಾತು ಇನ್ನೊಂದು ಸಲ ಹೊರಟೀತೇ ಎಂದು ಕಾಯುವವರ ಹಾಗೆ.

"ಯಾ... ಯಾ ಊರವ್ವ?"

"ಇಲ್ಲೇ ಆಂಟಿ, ನಾಗಪುರ. ಅಮ್ಮ ಮೈಸೂರಿನವರು."

"ಕುಂದ್ರು," ಎಂದರು ಅವರು. ಶ್ರೇಯಾ ಸ್ಟೂಲು ಎಳೆದುಕೊಂಡು ಕೂತಳು. ಅವರು ಎಡಗೈಯಿಂದ ರಬ್ಬರಿನ ಗುಂಡನ್ನು ತೋರಿಸಿ, ಆಮೇಲೆ ಡಬ್ಬಿ ತೋರಿಸಿ, ಒಂದೊಂದೇ ಶಬ್ದವನ್ನು ಬಾವಿಯಿಂದ ಸೇದಿದಂತೆ ತೆಗೆದರು. "ಬಿಟ್ರ... ಹತ್ತತದ."

ಶ್ರೇಯಾಳಿಗೆ ಹತ್ತುವುದು ಎಂದರೆ ಮೆಟ್ಟಿಲು ಹತ್ತುವುದು, ಬಸ್ಸು ಹತ್ತುವುದು. ದೀಪವನ್ನು ಅವಳು ಆನ್ ಮಾಡುತ್ತಿದ್ದಳು, ಆಫ್ ಮಾಡುತ್ತಿದ್ದಳು. ಮಹಡಿಯ ಮೇಲಿನ ಈ ಕೋಣೆಗೆ ಬರುವುದು ಮುದುಕಿಗೆ ಕಷ್ಟವಾಗಿರಬೇಕೆಂದುಕೊಂಡು, "ಹತ್ತೋದು ಬೇಡ ಆಂಟಿ, ಆ ಕಡೆ ಲಿಫ್ಟ್ ಇದೆ," ಎಂದಳು ಪ್ರೀತಿಯಿಂದಲೇ.

ಸತ್ಯಭಾಮಾಬಾಯಿ ಅವಳನ್ನು ಸ್ವಲ್ಪ ಹೊತ್ತು ನೋಡಿದರು. ಪಕ್ಕದ ಹುಡುಗಿಯ ಲೆಕ್ಕ ನಕಲು ಹೊಡೆದು ತಪ್ಪು ಮಾಡಿದ ವಿದ್ಯಾರ್ಥಿನಿಯನ್ನು ನೋಡುವ ನೋಟ ಅದು. ಆಮೇಲೆ ಕಿಟಕಿಯ ಕಡೆ ತಿರುಗಿದರು.

ಶ್ರೇಯಾ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಲ್ಯಾಪ್‌ಟಾಪ್ ಜೋಡಿಸಿದಳು. ಮೊದಲು ದೀಪವೇ ಕೆಟ್ಟಿದೆಯೋ ನೋಡಬೇಕು. ಬೇರೇನನ್ನೂ ಮಾಡದೆ ದೀಪವನ್ನು ಹೊತ್ತಿಸಿ ಆರಿಸುವ ಪುಟ್ಟ ಪ್ರೋಗ್ರಾಂ ಹಾಕಿದಳು. ದೀಪ ತಾಳ ತಪ್ಪದೆ ಮಿಟುಕಿತು. ದೀಪ ಸರಿ. ರಬ್ಬರಿನ ಗುಂಡಿನಿಂದ ಬರುವ ತಂತಿಯನ್ನು ಅಲುಗಾಡಿಸಿ ನೋಡಿದಳು, ಬಲದ ಅಳತೆ ಬರೋಬರ್ ಬರುತ್ತಿತ್ತು. ಹಾಗಾದರೆ ತಪ್ಪು ತಾನು ಬರೆದದ್ದರಲ್ಲೇ ಇದೆ. ಆದರೆ ಆಫೀಸಿನಲ್ಲಿ ಎಷ್ಟು ಸಲ ಹಿಂಡಿ ನೋಡಿದ್ದಳೋ ಲೆಕ್ಕವಿಲ್ಲ, ಒಮ್ಮೆಯೂ ತಡವಾಗಿರಲಿಲ್ಲ. ಅಲ್ಲಿಗೂ ಇಲ್ಲಿಗೂ ಏನು ವ್ಯತ್ಯಾಸ?

ಬಹಳ ಹೊತ್ತು ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಇಲ್ಲಿ ಪೂರ್ವಿ ಪ್ರತಿ ರೋಗಿ ಹಿಂಡಿದ್ದನ್ನೂ ದಾಖಲಿಸುತ್ತಿದ್ದಳು. ಆಫೀಸಿನಲ್ಲಿ ಶ್ರೇಯಾ ಆ ದಾಖಲೆಯ ಗುಂಡಿಯನ್ನು ಒತ್ತಿಯೇ ಇರಲಿಲ್ಲ. ಡಬ್ಬಿಯೊಳಗೆ ಕೆಲಸಗಳು ಎರಡು ಸಾಲಿನಲ್ಲಿ ನಡೆಯುತ್ತವೆ. ಒಂದು, ಕ್ಷಣವೂ ತಪ್ಪದೆ ಓಡುವ ಅವಸರದ ಸಾಲು. ಇನ್ನೊಂದು, ಬಿಡುವಾದಾಗ ಮಾಡುವ ನಿಧಾನದ ಸಾಲು. ದೀಪ ತಾನೇ, ಏನು ಮಹಾ ಎಂದು ಶ್ರೇಯಾ ಅದನ್ನು ನಿಧಾನದ ಸಾಲಿಗೆ ಹಾಕಿದ್ದಳು. ದಾಖಲೆ ಬರೆಯುವ ಕೆಲಸವೂ ಅದೇ ಸಾಲಿನಲ್ಲಿತ್ತು. ರೋಗಿ ಗುಂಡನ್ನು ಹಿಂಡಿ ಹಿಡಿದಷ್ಟು ಹೊತ್ತೂ ದಾಖಲೆ ನಡೆಯುತ್ತಿತ್ತು, ದೀಪ ತನ್ನ ಸರದಿಗೆ ಕಾಯುತ್ತ ಹಿಂದೆ ನಿಲ್ಲುತ್ತಿತ್ತು. ಕೈ ಸಡಿಲಿಸಿ ದಾಖಲೆ ಮುಗಿದ ಮೇಲಷ್ಟೇ ಅದು ಒಮ್ಮೆ ಹಸಿರಾಗಿ ಮಿನುಗಿ ಆರುತ್ತಿತ್ತು.

ಅವಳು ದೀಪವನ್ನು ಅವಸರದ ಸಾಲಿಗೆ ಎತ್ತಿ ಹಾಕಿದಳು. ಕಾಮಠಿಯಿಂದ ಬಂದಿದ್ದ ನಿವೃತ್ತ ಸುಬೇದಾರರೊಬ್ಬರು ಗುಂಡು ಹಿಂಡಿದರು. ಹಿಂಡುತ್ತಲೇ ಹಸಿರು. "ಶಾಬಾಸ್!" ಎಂದರು ಅವರು, ತಮಗೋ ಡಬ್ಬಿಗೋ ತಿಳಿಯಲಿಲ್ಲ. ಪೂರ್ವಿ ಶ್ರೇಯಾಳ ಬೆನ್ನು ತಟ್ಟಿದಳು. ಅಷ್ಟರಲ್ಲಿ ಚಾರುಲತಾ ಅತ್ತೆಯನ್ನು ಕರೆದುಕೊಂಡು ಹೋಗಿಯಾಗಿತ್ತು. ಶ್ರೇಯಾ ಆ ಸಂಜೆ ಮನೆಗೆ ಹೋಗುವಾಗ ಗುನುಗುತ್ತ ಹೋದಳು. ಕೆಟ್ಟದ್ದು ಸರಿಯಾದಾಗ ಬರುವ ಸುಖ ಅವಳಿಗೆ ಬಲು ಇಷ್ಟ.

ಮುಂದಿನ ವಾರ ಪೂರ್ವಿ ಮತ್ತೆ ಫೋನು ಮಾಡಿದಳು. ಈ ಸಲ ದನಿಯಲ್ಲಿ ಬೇಸರವಿತ್ತು.

"ಎಲ್ಲರಿಗೂ ಸರಿಹೋಗಿದೆ. ಸತ್ಯಭಾಮಾಬಾಯಿ ಮಾತ್ರ ಹಟ ಹಿಡಿದಿದ್ದಾರೆ. ಒಂದೆರಡು ಸಲ ಹಿಂಡುತ್ತಾರೆ, ದೀಪ ನೋಡುತ್ತಾರೆ, ಡಬ್ಬಿಯನ್ನೇ ದೂರ ತಳ್ಳುತ್ತಾರೆ. ನಿನ್ನೆ ಅತ್ತುಬಿಟ್ಟರು. ಅವರು ಏನು ಹೇಳಿದರೂ ನಮಗೆ ತಿಳಿಯುವುದಿಲ್ಲ. ನೀನು ಒಂದು ಸಲ ಬಂದು ಮಾತಾಡು."

ಶ್ರೇಯಾ ಹೋದಾಗ ಸತ್ಯಭಾಮಾಬಾಯಿ ಅದೇ ಕಿಟಕಿಯ ಪಕ್ಕ ಕೂತಿದ್ದರು. ಚಾರುಲತಾ ನೆಲದ ಮೇಲೆ ಮೊಣಕಾಲೂರಿ, ಅತ್ತೆಯ ಬಿಗಿದ ಮುಷ್ಟಿಯ ಒಂದೊಂದೇ ಬೆರಳನ್ನು ಬಿಡಿಸುತ್ತ, ಒದ್ದೆ ಬಟ್ಟೆಯಿಂದ ಅಂಗೈ ಒರೆಸುತ್ತಿದ್ದಳು. ಅಂಗೈಯಲ್ಲಿ ಉಗುರು ನಾಟಿ ಕೆಂಪು ಗೆರೆಗಳೆದ್ದಿದ್ದವು. "ಸ್ವಲ್ಪ ತಾಳ್ಕೊಳ್ಳಿ ಆಯಿ, ಆಯ್ತು, ಆಯ್ತು," ಎಂದು ಮರಾಠಿಯಲ್ಲಿ ಗೊಣಗುತ್ತಿದ್ದಳು. ಆ ಮಾತು ಅತ್ತೆಯ ಕಿವಿಗೆ ಎಷ್ಟು ಮುಟ್ಟುತ್ತಿತ್ತೋ, ದನಿಯಂತೂ ಮುಟ್ಟುತ್ತಿತ್ತು. ಅವರು ನೋವಿಗೆ ಮುಖ ಕಿವುಚಿದರೂ ಕೈ ಎಳೆದುಕೊಳ್ಳಲಿಲ್ಲ.

ಶ್ರೇಯಾ ಈ ಸಲ ಲ್ಯಾಪ್‌ಟಾಪ್ ತೆರೆಯಲಿಲ್ಲ. ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು.

"ಆಂಟಿ, ನನ್ನ ಕನ್ನಡ ಅಷ್ಟಕ್ಕಷ್ಟೇ. ನೀವು ನಿಧಾನಕ್ಕೆ ಹೇಳಿ. ಈ ದೀಪಕ್ಕೆ ಏನಾಗಿದೆ?"

ಸತ್ಯಭಾಮಾಬಾಯಿ ಬಾಯಿ ತೆರೆದರು, ಮುಚ್ಚಿದರು. ಮಾತು ತುಟಿಯವರೆಗೆ ಬರುವುದು, ಮತ್ತೆ ಒಳಗೆ ಹೋಗುವುದು ಕಾಣಿಸುತ್ತಿತ್ತು. ಶ್ರೇಯಾ ಕಾದಳು.

"ಮೊದ್ಲ... ಬಿಟ್ರ ಹತ್ತತಿತ್ತು." ಎಡಗೈ ಎತ್ತಿ ಮುಷ್ಟಿ ಮಾಡಿ, ಅದನ್ನು ಹೂವಿನಂತೆ ಬಿಡಿಸಿ ತೋರಿಸಿದರು. ಆಮೇಲೆ ಬೆರಳನ್ನು ಹಾಲು ಬಣ್ಣದ ಟೋಪಿಯ ಮೇಲಿಟ್ಟರು. "ಬಿಟ್ರ... ಇದು. ಹತ್ತತಿತ್ತು. ಈಗ..." ಮತ್ತೆ ಮುಷ್ಟಿ ಬಿಗಿದು ತೋರಿಸಿ ತಲೆ ಅಲ್ಲಾಡಿಸಿದರು. "ಹಿಡದ್ರ ಹತ್ತತದ. ತಪ್ಪು."

ಆಗ ಶ್ರೇಯಾಳಿಗೆ ತಿಳಿಯಿತು. ಹತ್ತುವುದು ಮೆಟ್ಟಿಲಲ್ಲ, ದೀಪ. ಆವತ್ತೂ ಈಕೆ ಇದನ್ನೇ ಹೇಳಿದ್ದರು. ತಾನು ಲಿಫ್ಟು ತೋರಿಸಿದ್ದಳು!

"ಪೂರ್ವಿ," ಎಂದಳು ಅವಳು ಮರಾಠಿಗೆ ಹೊರಳಿ, "ಇವರು ದೀಪಕ್ಕಾಗಿ ಹಿಂಡುತ್ತಲೇ ಇರಲಿಲ್ಲ. ದೀಪಕ್ಕಾಗಿ ಬಿಡುತ್ತಿದ್ದರು. ನನ್ನ ತಪ್ಪಿನಿಂದ ಅದು ಕೈ ಬಿಟ್ಟಾಗಲೇ ಹತ್ತುತ್ತಿತ್ತಲ್ಲ, ಬಿಡುವುದೇ ಪಾಠ ಅಂದುಕೊಂಡಿದ್ದಾರೆ."

ಪೂರ್ವಿ ಕಣ್ಣರಳಿಸಿ ನೋಡಿದಳು. ಅವಳು ಉತ್ತರ ಹೇಳುವ ಮೊದಲೇ ಚಾರುಲತಾ ನೆಲದಿಂದ ತಲೆಯೆತ್ತಿದಳು.

"ಅದಕ್ಕೇನಾ?" ಎಂದಳು. "ಹೋದ ತಿಂಗಳಿಡೀ ಆಯಿಯ ಮುಷ್ಟಿ ಸಡಿಲವಾಗುತ್ತ ಬಂದಿತ್ತು. ಸ್ನಾನ ಮಾಡಿಸುವಾಗ ಅಂಗೈ ತೊಳೆಯುವುದಕ್ಕೆ ಒದ್ದಾಡಬೇಕಿರಲಿಲ್ಲ. ನಾನು 'ಆಯಿ, ಕೈ' ಅಂದರೆ ತಾವೇ ಬಿಡಿಸುತ್ತಿದ್ದರು, ಪೂರ್ತಿ ಅಲ್ಲ, ಇಷ್ಟು." ಅವಳು ಬೆರಳುಗಳನ್ನು ಅರೆತೆರೆದು ತೋರಿಸಿದಳು. "ನಾನು ಹಚ್ಚುವ ಎಣ್ಣೆಯ ಗುಣ ಅಂದುಕೊಂಡಿದ್ದೆ. ಈ ವಾರ ಮತ್ತೆ ಕಲ್ಲಿನ ಹಾಗಾಗಿದೆ. ಎಣ್ಣೆ ಅದೇ, ಕೈ ಅದೇ. ನಾನೇನು ತಪ್ಪು ಮಾಡಿದೆ ಅಂತ ಯೋಚಿಸಿ ಯೋಚಿಸಿ..."

ಪೂರ್ವಿ ಹತ್ತಿರ ಬಂದು ಸತ್ಯಭಾಮಾಬಾಯಿಯ ಬಲಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. "ಇಂಥವರಿಗೆ ಹಿಡಿಯುವುದಕ್ಕಿಂತ ಬಿಡುವುದು ಕಷ್ಟ," ಎಂದಳು ಮೆಲ್ಲಗೆ. "ಓದುವಾಗ ನಮಗೆ ಮೊದಲು ಹೇಳಿಕೊಡುವುದೇ ಅದು. ಆದರೂ ನಾವು ಎಷ್ಟು ಬಲವಾಗಿ ಹಿಂಡಿದರು ಅಂತಷ್ಟೇ ನೋಡುತ್ತ ಕೂತೆವು."

ಅವಳು ಒಳಗೆ ಹೋಗಿ ಹಿರಿಯ ಡಾಕ್ಟರನ್ನು ಕೇಳಿ ಬಂದಳು. ಅವರು ತಾವೇ ಬಂದು ಕೈಯನ್ನು ಮಡಚಿ ಬಿಡಿಸಿ ನೋಡಿ, "ಪ್ರಯತ್ನ ಮಾಡಿ, ಅದರಿಂದ ಕೆಡುವುದೇನಿಲ್ಲ," ಎಂದು ಹೇಳಿ ಹೋದರು. ಶ್ರೇಯಾ ಲ್ಯಾಪ್‌ಟಾಪ್ ತೆರೆದಳು. ಹಳೆಯ ತಪ್ಪನ್ನೇ ತಿರುಗಿ ತರುವಂತಿರಲಿಲ್ಲ. ಅದು ಇವತ್ತು ಹೀಗೆ, ನಾಳೆ ಹಾಗೆ ನಡೆದೀತು. ಬಿಟ್ಟ ಗಳಿಗೆಗೇ ದೀಪ ಹತ್ತುವಂತೆ ಬೇಕೆಂದೇ ಬರೆಯಬೇಕಿತ್ತು.

ಅವಳು ಬರೆಯುತ್ತಿರುವಾಗ ಸತ್ಯಭಾಮಾಬಾಯಿ ಸೊಸೆಯ ಕಡೆ ತಿರುಗಿದರು.

"ಉಂಡಿ?"

ಚಾರುಲತಾ ಕೂಡಲೇ ಎದ್ದು ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ಶೇಂಗಾ ಉಂಡೆಯೊಂದನ್ನು ಅತ್ತೆಯ ಎಡಗೈಗಿತ್ತಳು. ಸತ್ಯಭಾಮಾಬಾಯಿ ಅದನ್ನು ನೋಡಿದರು, ಸೊಸೆಯ ಮುಖ ನೋಡಿದರು, ಒಂದು ಚೂರು ಕಚ್ಚಿದರು.

"ಇದೊಂದು ಶಬ್ದ ಮಾತ್ರ ನನಗೆ ಗೊತ್ತು," ಎಂದಳು ಚಾರುಲತಾ ಶ್ರೇಯಾಳಿಗೆ, ಕೊಂಚ ಹೆಮ್ಮೆಯಿಂದ. "ಪಂಚಮಿಗೆ ಆಯಿ ಮಾಡುತ್ತಿದ್ದರು, ಉಂಡಿ. ನಾನು ಮದುವೆಯಾಗಿ ಬಂದಾಗ ಕನ್ನಡ ಕಲಿಯುತ್ತೇನೆ ಅಂದಿದ್ದೆ. ನಿನಗ್ಯಾಕೆ ಆ ತ್ರಾಸ, ನನಗೇ ನಿನ್ನ ಭಾಷೆ ಬರುತ್ತದಲ್ಲ ಅಂದುಬಿಟ್ಟರು. ಈಗ ದಿನಾ ಮಧ್ಯಾಹ್ನ ಬಂದ ತಕ್ಷಣ ಉಂಡಿ ಉಂಡಿ ಅಂತಾರೆ. ಅದಕ್ಕೇ ಮಾಡಿಟ್ಟುಕೊಂಡಿರುತ್ತೇನೆ."

ಶ್ರೇಯಾ ಟೈಪು ಮಾಡುವುದನ್ನು ನಿಲ್ಲಿಸಿದಳು. ಅವಳಿಗೂ ಉಂಡಿ ಎಂದರೆ ಉಂಡೆಯೇ. ಆದರೆ ಒಮ್ಮೆ ಲಿಫ್ಟು ತೋರಿಸಿ ಪೆಟ್ಟು ತಿಂದಾಗಿತ್ತು. ಈ ಸಲ ಕೇಳಿಯೇ ನೋಡುವುದು ಮೇಲೆನಿಸಿತು.

"ಆಂಟಿ, ನಿಮಗೆ ಉಂಡೆ ಅಂದ್ರೆ ಅಷ್ಟು ಇಷ್ಟಾನಾ?"

ಸತ್ಯಭಾಮಾಬಾಯಿ ಜೋರಾಗಿ ತಲೆ ಅಲ್ಲಾಡಿಸಿದರು. "ಇದಲ್ಲ." ಉಂಡೆ ಹಿಡಿದ ಎಡಗೈಯನ್ನೇ ಚಾರುಲತಾಳ ಕಡೆ ಚಾಚಿದರು. "ಆಕಿ. ಆಕಿ... ಉಂಡಾಳೇನು? ಕೇಳು."

ಶ್ರೇಯಾ ಚಾರುಲತಾಳ ಕಡೆ ತಿರುಗಿದಳು.

"ದೀದಿ," ಎಂದಳು. "ಆಂಟಿ ಲಾಡು ಕೇಳ್ತಿಲ್ಲ. ಅವರ ಕಡೆ ಹಾಗಂದರೆ ಊಟ ಮಾಡಿದೆಯಾ ಅಂತ. ನೀವು ಊಟ ಮಾಡಿದಿರಾ ಅಂತ ಕೇಳ್ತಿದ್ದಾರೆ. ದಿನಾ ಅದನ್ನೇ ಕೇಳ್ತಿದ್ದಿರಬೇಕು."

ಚಾರುಲತಾ ಅತ್ತೆಯ ಮುಖ ನೋಡಿದಳು. ಅವಳ ಊಟದ ಡಬ್ಬಿ ಬ್ಯಾಂಕಿನ ಮೇಜಿನ ಮೇಲೆ ಮುಚ್ಚಿಕೊಂಡೇ ಇತ್ತು. ಎಲ್ಲ ದಿನವೂ ಹಾಗೇ ಇರುತ್ತಿತ್ತು. ಸಂಜೆ ಮನೆಗೆ ಹೋಗಿ ತಣ್ಣಗಿನ ಚಪಾತಿ ತಿನ್ನುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ಅಮೇಯನಿಗೂ ಅದು ಗೊತ್ತಿರಲಿಲ್ಲ. ಅವನು ಡಬ್ಬಿ ತುಂಬ ಉಂಡೆ ಕಂಡಾಗ, ಅಮ್ಮನ ಬಾಯಿಗೆ ಹಿತವಾಗಲೆಂದು ಹೆಂಡತಿ ಮಾಡಿದ್ದಾಳೆ ಅಂದುಕೊಂಡು ತಾನೂ ಎರಡು ತಿಂದು ಹೋಗುತ್ತಿದ್ದ.

"ಬೇಡವಾಗಿದ್ದರೆ ಮತ್ತೆ ಯಾಕೆ ತಿಂದರು?" ಎಂದಳು ಚಾರುಲತಾ. "ಕೇಳು ಶ್ರೇಯಾ. ಇಷ್ಟು ದಿನ ಯಾಕೆ ತಿಂದರು?"

ಶ್ರೇಯಾ ಕೇಳಿದಳು. ಸತ್ಯಭಾಮಾಬಾಯಿ ಯೋಚಿಸಿದರು.

"ಪಾಪ," ಎಂದರು. "ಕೊಟ್ಳು."

ಚಾರುಲತಾ ನಕ್ಕಳು. ನಗುತ್ತಿದ್ದಂತೆ ಸೆರಗು ಬಾಯಿಗೆ ಹೋಯಿತು, ಕಣ್ಣು ತುಂಬಿ ಹರಿಯಿತು. ಅತ್ತೆಯ ಮುಂದೆ ಕುಕ್ಕರಿಸಿ ಕೂತು, "ನಾಹೀ ಆಯಿ, ಇಲ್ಲ, ಊಟ ಮಾಡಿಲ್ಲ," ಎಂದು ತಲೆ ಅಲ್ಲಾಡಿಸಿ ಹೇಳಿದಳು. ಅಷ್ಟು ತಿಳಿಯುವುದಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ. ಸತ್ಯಭಾಮಾಬಾಯಿಯ ಹುಬ್ಬು ಗಂಟಿಕ್ಕಿತು. ತಾವು ಒಂದು ಚೂರು ಕಚ್ಚಿದ್ದ ಉಂಡೆಯನ್ನೇ ಸೊಸೆಯ ಬಾಯಿಗೆ ಹಿಡಿದರು. ಅವಳು ಮಗುವಿನಂತೆ ಬಾಯಿ ತೆರೆದಳು. ಪೂರ್ವಿ ಏನೋ ನೆನಪಾದವಳಂತೆ ಒಳಗೆ ಹೋಗಿ, ತನ್ನ ಡಬ್ಬಿಯ ಚಪಾತಿ ಪಲ್ಯ ತಂದು ಅವಳ ಪಕ್ಕಕ್ಕಿಟ್ಟಳು. ಚಾರುಲತಾ ಬೇಡವೆನ್ನಲಿಲ್ಲ. ಅತ್ತೆ ನೋಡುತ್ತಿದ್ದರಲ್ಲ.

ಶ್ರೇಯಾ ಮೂಗೊರೆಸಿಕೊಂಡು ಕೆಲಸ ಮುಗಿಸಿದಳು. "ಆಯ್ತು ಆಂಟಿ, ನೋಡಿ," ಎಂದು ಡಬ್ಬಿಯನ್ನು ಅವರ ಮುಂದಿಟ್ಟಳು. ಇಡುತ್ತಲೇ ದೀಪ ಹಸಿರಾಯಿತು. ಆರಲಿಲ್ಲ.

ಸತ್ಯಭಾಮಾಬಾಯಿ ದೀಪವನ್ನೂ ಶ್ರೇಯಾಳನ್ನೂ ನೋಡಿ, "ಸುಳ್ಳ," ಎಂದರು. "ನಾ ಏನೂ... ಮಾಡಿಲ್ಲ."

ಶ್ರೇಯಾ ನಾಲಿಗೆ ಕಚ್ಚಿಕೊಂಡಳು. ಬಲ ಇಂತಿಷ್ಟು ಎಂಬ ಗೆರೆಗಿಂತ ಕೆಳಗಿದ್ದರೆ ದೀಪ ಹತ್ತಲಿ ಎಂದಷ್ಟೇ ಬರೆದಿದ್ದಳು. ಗುಂಡನ್ನು ಯಾರೂ ಮುಟ್ಟದಿದ್ದಾಗಲೂ ಬಲ ಕೆಳಗೇ ಇರುತ್ತದಲ್ಲ! ಜನ್ಮವಿಡೀ ಮಕ್ಕಳಿಗೆ ಗಣಿತ ಹೇಳಿದ ಹೆಂಗಸು, ಮಾಡದ ಲೆಕ್ಕಕ್ಕೆ ಅಂಕ ಒಪ್ಪಿಕೊಂಡಾರೇ? ಶ್ರೇಯಾ ಮತ್ತೆ ಬರೆದಳು. ಮೊದಲು ಹಿಡಿದಿರಬೇಕು, ಹಿಡಿದು ಬಿಟ್ಟಿರಬೇಕು, ಆಗ ಮಾತ್ರ ಹತ್ತಬೇಕು.

ದೀಪ ಆರಿತು. ಪೂರ್ವಿ ರಬ್ಬರಿನ ಗುಂಡನ್ನು ಬಲಗೈಯೊಳಗಿಟ್ಟಳು. ಬೆರಳುಗಳು ಅದನ್ನು ಕಚ್ಚಿ ಹಿಡಿದವು. ದೀಪ ಹತ್ತಲಿಲ್ಲ. ಸತ್ಯಭಾಮಾಬಾಯಿಯ ಮುಖದಲ್ಲಿ ಈಗ ಭರವಸೆ ಬಂತು. ಕಣ್ಣು ದೀಪದ ಮೇಲೆ ನೆಟ್ಟಿತು. ತುಟಿ ಬಿಗಿಯಿತು, ಹಣೆಯ ಮೇಲೆ ಬೆವರು ಮೂಡಿತು. ಕೈ ಮಾತು ಕೇಳಲಿಲ್ಲ. ಹೊರಗೆ ಆಟೋ ಒಂದು ಹಾರ್ನ್ ಹೊಡೆದುಕೊಂಡು ಹೋಯಿತು. ಚಾರುಲತಾ ಚಪಾತಿ ತುತ್ತನ್ನು ಕೈಯಲ್ಲೇ ಹಿಡಿದು ನೋಡುತ್ತಿದ್ದಳು. ಅವಳಿಗೆ ಏನು ತೋಚಿತೋ, ತುತ್ತನ್ನು ಕೆಳಗಿಟ್ಟು, ತನ್ನ ಬಲಗೈಯ ಮುಷ್ಟಿ ಬಿಗಿದು ಅತ್ತೆಯ ಕಣ್ಣೆದುರಿಗೆ ಹಿಡಿದು, ಮೆಲ್ಲನೆ ಬಿಡಿಸಿದಳು. ಮತ್ತೆ ಬಿಗಿದಳು, ಮತ್ತೆ ಬಿಡಿಸಿದಳು.

ಮೊದಲು ತೋರುಬೆರಳು ಕದಲಿತು. ಆಮೇಲೆ ಉಳಿದವು, ಒಂದರ ಹಿಂದೊಂದು, ಒಲ್ಲದ ಮನಸ್ಸಿನಿಂದ ಏಳುವ ಮಕ್ಕಳಂತೆ. ಗುಂಡು ಸೀರೆಯ ಮೇಲೆ ಉರುಳಿತು. ಹಾಲು ಬಣ್ಣದ ಟೋಪಿಯ ತುಂಬ ಹಸಿರು ತುಂಬಿಕೊಂಡಿತು.

"ಖರೆ," ಎಂದರು ಸತ್ಯಭಾಮಾಬಾಯಿ. "ಈಗ ಖರೆ."

ಆಮೇಲಿನದು ಒಂದು ದಿನದ ಕಥೆಯಲ್ಲ. ಕೈ ಕೆಲವು ದಿನ ಕೇಳುತ್ತಿತ್ತು, ಕೆಲವು ದಿನ ಮುನಿಸಿಕೊಳ್ಳುತ್ತಿತ್ತು. ಶ್ರೇಯಾಳ ಕಂಪನಿಯವರು ಮೊದಲು ಗೊಣಗಿದರೂ, ಪೂರ್ವಿಯ ಡಾಕ್ಟರು ಫೋನು ಮಾಡಿ ಮಾತಾಡಿದ ಮೇಲೆ ಡಬ್ಬಿಯಲ್ಲಿ ಎರಡು ಬಗೆಯ ಪಾಠ ಇಡುವುದಕ್ಕೆ ಒಪ್ಪಿದರು. ಹಿಡಿಯುವವರಿಗೆ ಒಂದು, ಬಿಡುವವರಿಗೆ ಒಂದು. ಅದರ ನೆಪದಲ್ಲಿ ಶ್ರೇಯಾ ಆಗಾಗ ಕೇಂದ್ರಕ್ಕೆ ಬರುತ್ತಿದ್ದಳು. ಚಾರುಲತಾಳಿಗೆ ಕನ್ನಡ ಹೇಳಿಕೊಡಬೇಕಿತ್ತು. ಅದಕ್ಕೆ ಮೊದಲು ತಾನು ಕಲಿಯಬೇಕಿತ್ತು. ಸಂಜೆ ಅಮ್ಮನನ್ನು ಅದೇನು ಇದೇನು ಎಂದು ಕೇಳತೊಡಗಿದಳು. ಅಮ್ಮ ಹೇಳುವ ಮೈಸೂರಿನ ಮಾತು ಬೇರೆ, ಸತ್ಯಭಾಮಾಬಾಯಿಯ ಧಾರವಾಡದ ಮಾತು ಬೇರೆ. ಎರಡೂ ಸೇರಿ ಚಾರುಲತಾಳ ಬಾಯಲ್ಲಿ ಮರಾಠಿಯ ರಾಗದಲ್ಲಿ ಹೊರಟಾಗ, ಅದು ಯಾವ ಊರಿನ ಕನ್ನಡವೆಂದು ಯಾರೂ ಹೇಳುವಂತಿರಲಿಲ್ಲ.

ಬೇಸಿಗೆ ಏರುವ ಹೊತ್ತಿಗೆ ಸತ್ಯಭಾಮಾಬಾಯಿಗೆ ಕಳೆದುಹೋದ ಮರಾಠಿ ಚೂರುಚೂರೇ ಮರಳತೊಡಗಿತು. ಹೀಗೂ ಆಗುವುದುಂಟು ಎಂದರು ಡಾಕ್ಟರು. ಚಾರುಲತಾಳಿಗೆ ಸಂತೋಷವಾಯಿತು. ಜೊತೆಗೆ ಸ್ವಲ್ಪ ಸಿಟ್ಟೂ ಬಂತು, ತಾನಿಷ್ಟು ಕಷ್ಟಪಟ್ಟು ಕಲಿತದ್ದು ವ್ಯರ್ಥವಾಗಬೇಕೇ ಎಂದು.

ಒಂದು ಮಧ್ಯಾಹ್ನ ಶ್ರೇಯಾ ಕೇಂದ್ರದ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಿಸಿಲು ಸುಡುತ್ತಿತ್ತು. ಅತ್ತೆ ಸೊಸೆ ಕಾರಿನ ಹತ್ತಿರ ನಿಂತು ಜಗಳವಾಡುತ್ತಿದ್ದರು.

"ಛತ್ರೀ ಘೇ," ಎನ್ನುತ್ತಿದ್ದರು ಸತ್ಯಭಾಮಾಬಾಯಿ ಮರಾಠಿಯಲ್ಲಿ, ಕೊಡೆ ತಗೋ ಎಂದು.

"ಬ್ಯಾಡ ಆಯಿ, ನಿಮಗ ಬಿಸ್ಲು ಹತ್ತತದ, ನೀವು ಹಿಡೀರಿ," ಎನ್ನುತ್ತಿದ್ದಳು ಚಾರುಲತಾ ಕನ್ನಡದಲ್ಲಿ.

"ತೂ ಘೇ!"

"ನೀವ ಹಿಡೀರಿ ಅಂದ್ನಲ್ಲ!"

ಇಬ್ಬರೂ ತಮ್ಮ ತಮ್ಮ ಭಾಷೆ ಬಿಟ್ಟು ಇನ್ನೊಬ್ಬರದರಲ್ಲೇ ವಾದಿಸುತ್ತಿದ್ದರು, ಇಬ್ಬರಿಗೂ ಅದರ ಪರಿವೆಯೇ ಇರಲಿಲ್ಲ. ಕೊನೆಗೆ ಸತ್ಯಭಾಮಾಬಾಯಿ ಮುಖ ತಿರುವಿ, ಬಲಗೈಯಿಂದ ಕಾರಿನ ಬಾಗಿಲ ಹಿಡಿಕೆ ಹಿಡಿದು, ತೆರೆದು, ತಮ್ಮ ಹೊತ್ತು ತೆಗೆದುಕೊಂಡು ಬೆರಳುಗಳನ್ನು ಬಿಡಿಸಿಕೊಂಡು ಒಳಗೆ ಕೂತರು. ಚಾರುಲತಾ ಕೊಡೆ ಮಡಚಿ ಹಿಂದಿನ ಸೀಟಿಗೆಸೆದು, ಗೊಣಗುತ್ತಲೇ ಸ್ಟೀರಿಂಗಿನ ಮುಂದೆ ಕೂತು ಗಾಡಿ ಹೊರಡಿಸಿದಳು.

"ಶ್ರೇಯಾ, ಬರ್ತೀಯಾ?" ಒಳಗಿನಿಂದ ಪೂರ್ವಿ ಕೂಗಿದಳು. "ಖಾಪರಖೇಡಾದಿಂದ ಹೊಸಬರೊಬ್ಬರು ಬಂದಿದ್ದಾರೆ. ಇವರಿಗೆ ಯಾವ ಪಾಠ ಹಾಕಬೇಕು, ನೋಡೋಣ."

ಶ್ರೇಯಾ ಒಳಗೆ ಹೋದಳು. ಈ ಸಲ ಡಬ್ಬಿಯನ್ನು ಮುಟ್ಟುವುದಕ್ಕೆ ಮುಂಚೆ ಸ್ಟೂಲು ಎಳೆದುಕೊಂಡು ಆ ಮನುಷ್ಯನ ಎದುರಿಗೆ ಕೂತಳು.